ಕನ್ನಡ ಪಠ್ಯಕ್ಕಾಗಿ ಪೈಥಾನ್ ಲೈಬ್ರರಿಗಳ ಪರೀಕ್ಷೆ: ವಿಜಯಪುರ ಜಿಲ್ಲೆಯ ಕೆಲವು ಊರ ಹೆಸರುಗಳ ಆಧಾರದಿಂದ

ಪದಸೂಚಿಯ ರಚನೆ, ಪಾಠಾಂತರಗಳ ಹೋಲಿಕೆ, ಸ್ಥಳನಾಮಗಳ ವರ್ಗೀಕರಣ ಮೊದಲಾದ ಕಾರ್ಯಗಳು ಹಿಂದೆ ಚೀಟಿಗಳ ಮೇಲೆ ವರ್ಷಗಟ್ಟಲೆ ನಡೆಯುತ್ತಿದ್ದುವು. ಈಗ ಅವುಗಳಲ್ಲಿ ಬಹುಭಾಗವನ್ನು ಗಣಕಯಂತ್ರಕ್ಕೆ ಒಪ್ಪಿಸುವುದು ವಾಡಿಕೆಯಾಗಿದೆ. ಇದಕ್ಕೆ ನಮ್ಮ ಅಧ್ಯಾಪಕರೂ ವಿದ್ಯಾರ್ಥಿಗಳೂ ಹೆಚ್ಚಾಗಿ ಆಶ್ರಯಿಸುವುದು ಪೈಥಾನ್ ಎಂಬ ಸ್ಕ್ರಿಪ್ಟಿಂಗ್ ಭಾಷೆಯನ್ನು. ಗಿಡೊ ವಾನ್ ರಾಸಮ್ ಎಂಬ ಡಚ್ ವಿದ್ವಾಂಸರು 1991ರಲ್ಲಿ ಮೊದಲು ಹೊರತಂದ ಈ ಭಾಷೆ ಕಲಿಯಲು ಸುಲಭ; ಹತ್ತು ಸಾಲು ಬರೆದವನೂ ಅದರಿಂದ ಏನಾದರೊಂದು ಫಲವನ್ನು ಪಡೆಯಬಲ್ಲನು. ಅದರ ನಿಜವಾದ ಬಲವಿರುವುದು ಮಾತ್ರ ಭಾಷೆಯಲ್ಲಿ ಅಲ್ಲ, ಅದರ ಸುತ್ತ ಬೆಳೆದಿರುವ ಲೈಬ್ರರಿಗಳಲ್ಲಿ. ಲೈಬ್ರರಿಯೆಂದರೆ ಇಲ್ಲಿ ಪುಸ್ತಕಾಲಯವಲ್ಲ. ಬೇರೆಯವರು ಬರೆದು, ಮೂಲಸಹಿತವಾಗಿ ಎಲ್ಲರಿಗೂ ತೆರೆದಿಟ್ಟ ಸಿದ್ಧ ಕೋಡಿನ ಕಟ್ಟು. ಅದನ್ನು ನಮ್ಮ ಪ್ರೋಗ್ರಾಮಿನೊಳಕ್ಕೆ ಕರೆದುಕೊಂಡು ದುಡಿಸಿಕೊಳ್ಳಬಹುದು. ಪೈಪಿಐ ಎಂಬ ಸಾರ್ವಜನಿಕ ಸಂಗ್ರಹದಲ್ಲಿ ಇಂಥವು ಐದು ಲಕ್ಷಕ್ಕೂ ಮಿಕ್ಕಿವೆ. ಇಷ್ಟರಲ್ಲಿ ಯಾವುದನ್ನು ನಂಬಬೇಕು, ನಂಬುವ ಮುನ್ನ ಏನನ್ನು ನೋಡಬೇಕು ಎಂಬುದೇ ಈ ಲೇಖನದ ವಿಷಯ.

ಸಾಮಾನ್ಯವಾಗಿ ನಡೆಯುವ ಆಯ್ಕೆಯ ಕ್ರಮವೆಂದರೆ ಜನಪ್ರಿಯತೆಯನ್ನು ಎಣಿಸುವುದು: ಎಷ್ಟು ಮಂದಿ ಇಳಿಸಿಕೊಂಡಿದ್ದಾರೆ, ಎಷ್ಟು ಮಂದಿ ಮೆಚ್ಚುಗೆಯ ನಕ್ಷತ್ರವಿತ್ತಿದ್ದಾರೆ ಎಂದು. ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಈ ಕ್ರಮ ವಿಚಿತ್ರವಾಗಿ ತೋರದಿರದು. ಓಲೆಯ ಪ್ರತಿಗಳಲ್ಲಿ ಅತಿ ಹೆಚ್ಚು ನಕಲಾದುದು ಅತಿ ಶುದ್ಧವಾದುದೆಂದು ಯಾವ ಸಂಪಾದಕನೂ ಹೇಳಲಾರನು. ಪ್ರತಿಯ ಮೂಲವೆಲ್ಲಿ, ಬರೆದವನು ಯಾವ ಸೀಮೆಯವನು, ಅವನ ಕೈ ಎಲ್ಲೆಲ್ಲಿ ಜಾರಿದೆ ಎಂಬುದನ್ನು ಪಾಠವನ್ನು ಓದಿಯೇ ಗೊತ್ತುಮಾಡಬೇಕು. ಲೈಬ್ರರಿಯ ವಿಷಯದಲ್ಲಿಯೂ ಹಾಗೆಯೇ: ಅದನ್ನು ಪರೀಕ್ಷಿಸಬೇಕಾದುದು ನಮ್ಮ ಸಾಮಗ್ರಿಯ ಮೇಲೆ, ಉತ್ತರ ಮೊದಲೇ ನಮಗೆ ತಿಳಿದಿರುವ ಸಣ್ಣದೊಂದು ಮಾದರಿಯ ಮೇಲೆ.

ಅಂಥ ಮಾದರಿಯಾಗಿ ಇಲ್ಲಿ ವಿಜಯಪುರ ಜಿಲ್ಲೆಯ ಐದು ಸ್ಥಳನಾಮಗಳನ್ನು ತೆಗೆದುಕೊಂಡಿದೆ: ಭೀಮಾ ನದಿಯ ದಂಡೆಯ ದೇವಣಗಾಂವ, ಮತ್ತು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡ ಈ ಸೀಮೆಯಲ್ಲಿ ‘ಗಾಂವ’, ‘ವಾಡಿ’ ಎಂಬ ಅಂತ್ಯಗಳೂ ‘ಹಾಳ’, ‘ಗಿ’ ಮೊದಲಾದ ಅಂತ್ಯಗಳೂ ನೆರೆಹೊರೆಯಲ್ಲಿವೆ. ಯಾವ ಅಂತ್ಯ ಯಾವ ಭಾಗದಲ್ಲಿ ಎಷ್ಟು ಎಂಬ ಎಣಿಕೆಯಿಂದ ಕನ್ನಡ ಮರಾಠಿಗಳ ಸಂಪರ್ಕವನ್ನು ಕುರಿತು ಏನನ್ನಾದರೂ ಹೇಳಬಹುದೆಂದು ಹೊರಟ ವಿದ್ಯಾರ್ಥಿಯು, ಊರುಗಳ ಪಟ್ಟಿಯನ್ನು ಪೈಥಾನಿಗೆ ಒಪ್ಪಿಸುವನೆಂದು ಭಾವಿಸೋಣ.

ಮೊದಲು ಯಂತ್ರವು ಒಂದು ಹೆಸರನ್ನು ಹೇಗೆ ಕಾಣುತ್ತದೆಂಬುದನ್ನು ತಿಳಿಯಬೇಕು. ‘ದೇವಣಗಾಂವ’ ಎಂಬುದರಲ್ಲಿ ನಾವು ಎಣಿಸುವುದು ಐದು ಅಕ್ಷರ: ದೇ, ವ, ಣ, ಗಾಂ, ವ. ಯೂನಿಕೋಡಿನ ವ್ಯವಸ್ಥೆಯಲ್ಲಿ ವ್ಯಂಜನಕ್ಕೊಂದು ಸಂಕೇತ, ಅದಕ್ಕೆ ಹತ್ತುವ ಸ್ವರಚಿಹ್ನೆಗೆ ಬೇರೊಂದು ಸಂಕೇತ, ಅನುಸ್ವಾರಕ್ಕೆ ಮತ್ತೊಂದು. ಆದುದರಿಂದ ಪೈಥಾನಿಗೆ ಈ ಹೆಸರಿನ ಉದ್ದವೆಷ್ಟೆಂದು ಕೇಳಿದರೆ ಅದು ಎಂಟು ಎನ್ನುತ್ತದೆ. ಕಡತದಲ್ಲಿ ಅದು ಆಕ್ರಮಿಸುವುದು ಇಪ್ಪತ್ತನಾಲ್ಕು ಬೈಟುಗಳನ್ನು. ಐದು, ಎಂಟು, ಇಪ್ಪತ್ತನಾಲ್ಕು: ಮೂರೂ ತಮ್ಮ ತಮ್ಮ ನೆಲೆಯಲ್ಲಿ ಸರಿ. ಲೈಬ್ರರಿಯೊಂದು ‘ಅಕ್ಷರಗಳ ಸಂಖ್ಯೆ’ ಎಂದು ಹೇಳುವಾಗ ಇವುಗಳಲ್ಲಿ ಯಾವುದನ್ನು ಹೇಳುತ್ತಿದೆಯೆಂಬುದು ಮೊದಲನೆಯ ಪ್ರಶ್ನೆ.

ಇನ್ನೊಂದು ಸಂಗತಿ. ಯೂನಿಕೋಡ್ ಪ್ರತಿಯೊಂದು ಸಂಕೇತಕ್ಕೂ ಒಂದು ವರ್ಗವನ್ನು ನಿಯಮಿಸಿದೆ. ‘ದ’, ‘ವ’ ಮೊದಲಾದುವು ಅಕ್ಷರವರ್ಗಕ್ಕೆ ಸೇರಿದರೆ, ‘ೇ’, ‘ಾ’, ‘ಂ’, ‘್’ ಇವು ಚಿಹ್ನೆಗಳ ವರ್ಗಕ್ಕೆ ಸೇರುತ್ತವೆ. ಪಠ್ಯದಿಂದ ಪದಗಳನ್ನು ಬಿಡಿಸಿಕೊಡಲು ಪೈಥಾನಿನೊಂದಿಗೇ ಬರುವ ‘ರೀ’ ಎಂಬ ಲೈಬ್ರರಿಯುಂಟು. ಪದದ ಭಾಗವಾಗಬಲ್ಲ ಸಂಕೇತವನ್ನು ಸೂಚಿಸಲು ಅದರಲ್ಲಿ ಬ್ಯಾಕ್‌ಸ್ಲ್ಯಾಷ್ ಮತ್ತು ಡಬ್ಲ್ಯೂ ಸೇರಿದ ಗುರುತನ್ನು ಬಳಸುತ್ತಾರೆ. ಈ ಗುರುತು ಅಕ್ಷರವರ್ಗವನ್ನೂ ಅಂಕೆಗಳನ್ನೂ ಒಪ್ಪುತ್ತದೆ, ಚಿಹ್ನೆಗಳನ್ನು ಒಪ್ಪುವುದಿಲ್ಲ. ಇಂಗ್ಲಿಷಿಗೆ ಇದರಿಂದ ಯಾವ ಬಾಧೆಯೂ ಇಲ್ಲ. ಕನ್ನಡಕ್ಕೆ ಬಂದಾಗ ಪ್ರತಿಯೊಂದು ಗುಣಿತಾಕ್ಷರದ ಬಳಿಯೂ ಪದ ಮುರಿದುಬೀಳುತ್ತದೆ. ‘ದೇವಣಗಾಂವ’ವನ್ನು ಹೀಗೆ ಬಿಡಿಸಿದರೆ ದೊರೆಯುವುದು ಮೂರು ತುಂಡು: ‘ದ’, ‘ವಣಗ’, ‘ವ’.

ಇದು ಯಾರೂ ಬಳಸದ ಮೂಲೆಯ ದೋಷವೆಂದು ತಿಳಿಯಬಾರದು. ಯಂತ್ರಕಲಿಕೆಯ ಕ್ಷೇತ್ರದಲ್ಲಿ ಸೈಕಿಟ್-ಲರ್ನ್ ಎಂಬುದು ಬಹು ಪ್ರತಿಷ್ಠಿತವಾದ ಲೈಬ್ರರಿ. ಅದರ ದಾಖಲೆ ಸೊಗಸಾದುದು, ಬರೆದವರು ಸಮರ್ಥರು. ಅದರಲ್ಲಿ ಪದಗಳನ್ನೆಣಿಸುವ ಕೌಂಟ್ ವೆಕ್ಟರೈಜರ್ ಎಂಬ ಸಾಧನವಿದೆ. ಬಳಸುವವನು ಬೇರೇನನ್ನೂ ಹೇಳದಿದ್ದರೆ ಅದು ಮೇಲ್ಕಂಡ ಗುರುತನ್ನೇ ಅವಲಂಬಿಸಿ, ಕನಿಷ್ಠ ಎರಡು ಸಂಕೇತಗಳುಳ್ಳ ತುಂಡುಗಳನ್ನು ಮಾತ್ರ ಪದವೆಂದು ಸ್ವೀಕರಿಸಿ ಒಂಟಿ ಸಂಕೇತಗಳನ್ನು ಕೈಬಿಡುತ್ತದೆ. ನಮ್ಮ ಐದು ಹೆಸರುಗಳನ್ನು ಅದಕ್ಕೆ ಕೊಟ್ಟರೆ ದೇವಣಗಾಂವದಿಂದ ಉಳಿಯುವುದು ‘ವಣಗ’, ಸಿಂದಗಿಯಿಂದ ‘ದಗ’, ಬಸವನ ಬಾಗೇವಾಡಿಯಿಂದ ‘ಬಸವನ’ ಮಾತ್ರ. ಇಂಡಿಯೂ ಮುದ್ದೇಬಿಹಾಳವೂ ಒಂದು ಗೆರೆಯನ್ನೂ ಉಳಿಸದೆ ಮಾಯವಾಗುತ್ತವೆ. ‘ಗಾಂವ’ ಎಂಬ ಅಂತ್ಯವನ್ನು ಹುಡುಕಹೊರಟ ವಿದ್ಯಾರ್ಥಿಗೆ ಅಂಥ ಅಂತ್ಯವೇ ಇಲ್ಲವೆಂಬ ಉತ್ತರ ಬರುತ್ತದೆ. ಯಂತ್ರ ಇದಾವುದನ್ನೂ ದೋಷವೆಂದು ಸೂಚಿಸುವುದಿಲ್ಲ. ಅಚ್ಚುಕಟ್ಟಾದ ಕೋಷ್ಟಕವೊಂದನ್ನು ಮುಂದಿಡುತ್ತದೆ.

ಹೀಗೆ ಉಳಿಯುವ ಮತ್ತು ಅಳಿಯುವ ಪದಗಳಲ್ಲಿ ಒಂದು ಕ್ರಮವಿರುವುದು ಇನ್ನೂ ಅಪಾಯಕರ. ಯಾವ ಪದದಲ್ಲಿ ಬರಿಯ ಅಕಾರವಿದೆಯೋ ಅದು ಇಡಿಯಾಗಿ ಉಳಿಯುತ್ತದೆ. ಗುಣಿತವೋ ಒತ್ತಕ್ಷರವೋ ಇರುವ ಪದ ಛಿದ್ರವಾಗುತ್ತದೆ. ಬಾಗೇವಾಡಿಯ ಹೆಸರು ಬಂದುದರಿಂದ ವಚನಗಳನ್ನೇ ಉದಾಹರಿಸಬಹುದು. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿದ್ದುಕೊಂಡು ಓಲೆಗಳನ್ನು ಅರಸಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಸಿಂದಗಿ ತಾಲೂಕಿನಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ‘ಸಮಗ್ರ ವಚನ ಸಂಪುಟ’ವು 1993ರಲ್ಲಿ ಹದಿನೈದು ಸಂಪುಟಗಳಾಗಿ ಬಂದಿತು. ಈಗ ‘ವಚನ ಸಂಚಯ’ದಂಥ ಜಾಲತಾಣದಲ್ಲಿ ವಚನಗಳು ಯೂನಿಕೋಡಿನಲ್ಲಿಯೇ ದೊರೆಯುತ್ತವೆ. ಅಂಥ ಪಠ್ಯವನ್ನು ಮೇಲ್ಕಂಡ ಸಾಧನಕ್ಕೆ ಹಾಗೆಯೇ ಕೊಟ್ಟರೆ ‘ಬಸವ’, ‘ಶರಣ’ ಎಂಬ ರೂಪಗಳು ಇಡಿಯಾಗಿ ಉಳಿದು ಪಟ್ಟಿಯಲ್ಲಿ ತಲೆಯೆತ್ತುವುವು, ‘ಗುರು’, ‘ಲಿಂಗ’, ‘ಶಿವ’ ಇವು ಒಂದೂ ಸಿಕ್ಕವು, ‘ಜಂಗಮ’ವು ‘ಗಮ’ವಾಗುವುದು, ‘ಕೂಡಲಸಂಗಮದೇವ’ ಎಂಬ ಅಂಕಿತವು ‘ಡಲಸ’, ‘ಗಮದ’ ಎಂಬ ಎರಡು ಅರ್ಥಹೀನ ತುಂಡುಗಳಾಗುವುದು. ವಚನಕಾರರಲ್ಲಿ ಗುರುಲಿಂಗಗಳಿಗಿಂತ ಶರಣನಿಗೇ ಪ್ರಾಶಸ್ತ್ಯವೆಂಬ ಪ್ರಬಂಧವೊಂದು ಇಂಥ ಎಣಿಕೆಯ ಮೇಲೆ ನಿಂತರೆ, ಅದನ್ನು ಓದುವ ಪರೀಕ್ಷಕರಿಗೆ ತಪ್ಪು ಎಲ್ಲಿದೆಯೆಂದು ತಿಳಿಯುವ ಬಗೆಯೇ ಇಲ್ಲ.

ಪರಿಹಾರವೇನೋ ಸುಲಭ. ‘ರೆಜೆಕ್ಸ್’ ಎಂಬ ಬೇರೊಂದು ಲೈಬ್ರರಿಯಿದೆ. ಅದು ಪದವೆಂದರೇನೆಂಬುದರಲ್ಲಿ ಯೂನಿಕೋಡಿನ ವಿಶಾಲವಾದ ವ್ಯಾಖ್ಯೆಯನ್ನು ಅನುಸರಿಸುವುದರಿಂದ ಚಿಹ್ನೆಗಳನ್ನು ಪದದೊಳಗೇ ಇಟ್ಟುಕೊಳ್ಳುತ್ತದೆ. ಅಥವಾ ಯೂನಿಕೋಡಿನ ಕನ್ನಡ ವಿಭಾಗದ 128 ಸ್ಥಾನಗಳಲ್ಲಿ ಬರುವುದೆಲ್ಲವೂ ಪದದ ಭಾಗವೆಂದು ನಾವೇ ನಿಯಮಿಸಿ ಆ ನಿಯಮವನ್ನು ಸೈಕಿಟ್-ಲರ್ನ್‌ಗೆ ಒದಗಿಸಬಹುದು. ಅದಕ್ಕೆ ಆ ಲೈಬ್ರರಿಯಲ್ಲಿ ಅವಕಾಶವುಂಟು. ಹೀಗಿರುವಲ್ಲಿ ದೋಷ ಲೈಬ್ರರಿಯದೆನ್ನುವುದಕ್ಕಿಂತ, ಬರೆದವರು ಯಾವ ಭಾಷೆಯನ್ನು ಎದುರಿಗಿಟ್ಟುಕೊಂಡಿದ್ದರೆಂಬುದರದು ಎನ್ನುವುದು ನ್ಯಾಯ. ಭಾರತೀಯ ಲಿಪಿಗಳಿಗೆ ಆ ಗುರುತು ಒದಗುವುದಿಲ್ಲವೆಂಬ ವಿಷಯ 2007ರಷ್ಟು ಹಿಂದೆಯೇ ಪೈಥಾನಿನ ದೋಷಪಟ್ಟಿಯಲ್ಲಿ ದಾಖಲಾಗಿತ್ತು.

ಎರಡನೆಯ ಪರೀಕ್ಷೆ ಸಮಾನತೆಯದು. ‘ದೇ’ ಎಂಬುದನ್ನು ಯೂನಿಕೋಡಿನಲ್ಲಿ ಎರಡು ಬಗೆಯಾಗಿ ಬರೆಯಬಹುದು: ದೀರ್ಘ ಏಕಾರದ ಒಂದೇ ಚಿಹ್ನೆಯಿಂದ, ಇಲ್ಲವೆ ಹ್ರಸ್ವ ಎಕಾರದ ಚಿಹ್ನೆ ಮತ್ತು ಅದರ ಮುಂದೆ ದೀರ್ಘದ ಚಿಹ್ನೆ ಎಂದು ಎರಡರಿಂದ. ‘ೀ’, ‘ೈ’, ‘ೊ’, ‘ೋ’ಗಳಿಗೂ ಇದೇ ಗತಿ. ಪರದೆಯ ಮೇಲೆ ಎರಡೂ ಒಂದೇ ಆಗಿ ಕಾಣುತ್ತವೆ. ಯಂತ್ರಕ್ಕೆ ಮಾತ್ರ ಒಂದರಲ್ಲಿ ಎಂಟು, ಇನ್ನೊಂದರಲ್ಲಿ ಒಂಬತ್ತು ಸಂಕೇತಗಳು. ಎರಡು ದೇವಣಗಾಂವಗಳು ಎರಡು ಊರುಗಳು. ಬೇರೆ ಬೇರೆ ಮೂಲಗಳಿಂದ ಪಟ್ಟಿಗಳನ್ನು ಕೂಡಿಸುವವರಿಗೆ ಇದು ಎದುರಾಗದೆ ಇರದು. ಪೈಥಾನಿನ ಜೊತೆಗೇ ಬರುವ ‘ಯೂನಿಕೋಡ್‌ಡೇಟಾ’ ಎಂಬ ಲೈಬ್ರರಿಯಿಂದ ಎಲ್ಲವನ್ನೂ ಒಂದೇ ರೂಪಕ್ಕೆ ತರಬಹುದು. ಎಣಿಕೆಗೆ ಮೊದಲು ಇದನ್ನು ಮಾಡಲೇಬೇಕು.

ಆದರೆ ರೂಪವನ್ನು ಸಮಗೊಳಿಸುವ ಎಲ್ಲ ಲೈಬ್ರರಿಗಳೂ ಇಷ್ಟಕ್ಕೇ ನಿಲ್ಲುವುದಿಲ್ಲ. ಭಾರತೀಯ ಭಾಷೆಗಳಿಗೆಂದೇ ರಚಿತವಾದ, ಬಹಳ ಉಪಯುಕ್ತವೂ ಆದ ಇಂಡಿಕ್ ಎನ್‌ಎಲ್‌ಪಿ ಲೈಬ್ರರಿಯ ಸಮೀಕರಣ ವಿಭಾಗವು ಪಠ್ಯದಲ್ಲಿರುವ ಅದೃಶ್ಯ ಸಂಯೋಜಕ ಸಂಕೇತಗಳನ್ನು ತೆಗೆದುಹಾಕುವಂತೆ ಬರೆಯಲ್ಪಟ್ಟಿದೆ. ಅನೇಕ ಕಾರ್ಯಗಳಿಗೆ ಇದರಿಂದ ಅನುಕೂಲವೇ. ಕನ್ನಡದಲ್ಲಿ ಮಾತ್ರ ‘ರ‍್ಯಾಂಕ್’ ಎಂಬಲ್ಲಿ ರಕಾರ ಇಡಿಯಾಗಿ ನಿಂತು ಯಕಾರ ಒತ್ತಾಗುವುದು ಅಂಥ ಒಂದು ಅದೃಶ್ಯ ಸಂಕೇತದಿಂದಲೇ. ಅದನ್ನು ತೆಗೆದರೆ ಪದವು ‘ರ್ಯಾಂಕ್’ ಎಂದು ಅರ್ಕಾವೊತ್ತಿಗೆ ತಿರುಗಿಬಿಡುತ್ತದೆ. ಹಸ್ತಪ್ರತಿಯಲ್ಲಿ ರೇಫವನ್ನು ಹೇಗೆ ಬರೆದಿದೆಯೆಂಬುದೇ ಅಭ್ಯಾಸದ ವಿಷಯವಾಗಿರುವವನಿಗೆ ಈ ಶುದ್ಧೀಕರಣವು ಸಾಕ್ಷ್ಯನಾಶಕ್ಕೆ ಸಮ. ರೆಜೆಕ್ಸಿನಿಂದ ಪದ ಬಿಡಿಸುವಾಗಲೂ ಈ ಸಂಕೇತದ ಬಳಿ ಏನಾಗುವುದೆಂಬುದನ್ನು ಆಯಾ ಆವೃತ್ತಿಯಲ್ಲಿ ಪ್ರಯೋಗಿಸಿಯೇ ನೋಡಬೇಕು.

ಛಂದಸ್ಸನ್ನು ಅಭ್ಯಾಸಮಾಡುವವರಿಗೆ ಮೂರನೆಯದೊಂದು ತೊಡಕು ಕಾದಿದೆ. ಪಠ್ಯವನ್ನು ಅಕ್ಷರಗಳಾಗಿ ಬಿಡಿಸಿಕೊಡುತ್ತೇವೆಂದು ಹೇಳುವ ಲೈಬ್ರರಿಗಳು ಹಲವು. ಅವು ಸಾಮಾನ್ಯವಾಗಿ ಯೂನಿಕೋಡಿನ ‘ಗ್ರಾಫೀಮ್ ಕ್ಲಸ್ಟರ್’ ಎಂಬ ನಿಯಮವನ್ನು ಅನುಸರಿಸುತ್ತವೆ. ಆ ನಿಯಮದಂತೆ ಗುಣಿತವು ವ್ಯಂಜನದ ಜೊತೆಗೆ ಉಳಿಯುತ್ತದೆ, ಆದರೆ ಸಂಯುಕ್ತಾಕ್ಷರವು ವಿರಾಮದ ಬಳಿ ಒಡೆಯುತ್ತದೆ. ಮುದ್ದೇಬಿಹಾಳದಲ್ಲಿ ನಮ್ಮ ಲೆಕ್ಕಕ್ಕೆ ಐದು ಅಕ್ಷರ: ಮು, ದ್ದೇ, ಬಿ, ಹಾ, ಳ. ನಿಯಮದ ಲೆಕ್ಕಕ್ಕೆ ಆರು: ಮು, ದ್, ದೇ, ಬಿ, ಹಾ, ಳ. ಸಂಯುಕ್ತಾಕ್ಷರಗಳನ್ನು ಒಡೆಯದಿರುವಂತೆ 2023ರಲ್ಲಿ ಬಂದ ಯೂನಿಕೋಡಿನ 15.1ನೆಯ ಆವೃತ್ತಿಯಲ್ಲಿ ತಿದ್ದುಪಡಿ ಮಾಡಲಾಯಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಗಳಿಗೆ ಅದು ಅನ್ವಯಿಸಿತು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಆದುದರಿಂದ ಹಿಂದಿಯ ಉದಾಹರಣೆಯನ್ನು ತೋರಿಸಿ ‘ಭಾರತೀಯ ಲಿಪಿಗಳಿಗೆ ಸರಿಯಾಗಿದೆ’ ಎನ್ನುವ ಲೈಬ್ರರಿಯ ಮಾತು ಕನ್ನಡಕ್ಕೆ ಪ್ರಮಾಣವಾಗಲಾರದು. ನೆರೆಯ ತೆಲುಗಿನ ಉದಾಹರಣೆಯೂ ಆಗಲಾರದು.

ಹಳಗನ್ನಡದ ಪಠ್ಯಗಳಿಗೆ ಸಂಬಂಧಿಸಿದಂತೆ ಒಂದು ವಿನೋದದ ಸಂಗತಿಯನ್ನು ಇಲ್ಲಿಯೇ ಹೇಳಬಹುದು. ‘ೞ’ ಎಂಬ ಅಕ್ಷರದ ಹೆಸರೇನೆಂದು ಯೂನಿಕೋಡ್‌ಡೇಟಾವನ್ನು ಕೇಳಿದರೆ ಅದು ‘ಕನ್ನಡ ಲೆಟರ್ ಫ’ ಎನ್ನುತ್ತದೆ! ಪ್ರಮಾಣವನ್ನು ರೂಪಿಸಿದವರ ಕೈತಪ್ಪು ಅದು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ಕಟ್ಟಳೆಯಿರುವುದರಿಂದ, ತಿದ್ದಿದ ಹೆಸರನ್ನು ಪಕ್ಕದಲ್ಲಿ ಸೇರಿಸಿ ಮೂಲವನ್ನು ಹಾಗೆಯೇ ಬಿಟ್ಟಿದ್ದಾರೆ. ಹೆಸರಿಗಿಂತ ಸ್ಥಾನದಿಂದ ಆಗುವ ತೊಂದರೆ ಹೆಚ್ಚು. ‘ಱ’ವು ರಕಾರದ ಪಕ್ಕದಲ್ಲಿದ್ದರೆ, ‘ೞ’ವು ಸ್ವರಚಿಹ್ನೆಗಳನ್ನೆಲ್ಲ ದಾಟಿ ದೂರದಲ್ಲಿದೆ. ಪೈಥಾನಿನ ಸಹಜವಾದ ವಿಂಗಡಣೆಯು ಸಂಕೇತಗಳ ಸ್ಥಾನವನ್ನು ಮಾತ್ರ ನೋಡುವುದರಿಂದ ೞಕಾರದ ಪದಗಳು ಹಕಾರ ಳಕಾರಗಳೆಲ್ಲ ಮುಗಿದ ಮೇಲೆ ಪಟ್ಟಿಯ ಕೊನೆಗೆ ಹೋಗಿ ಕೂರುತ್ತವೆ. ಅನುಸ್ವಾರದ ಸ್ಥಾನವೋ ಸ್ವರಗಳಿಗೂ ಮುಂಚೆ. ಅಕಾರಾದಿ ಬೇಕಾದವರು ಪೈಐಸಿಯು ಎಂಬ ಲೈಬ್ರರಿಯ ಮೂಲಕ ಕನ್ನಡದ ವಿಂಗಡಣಾ ನಿಯಮವನ್ನು ಪಡೆಯಬಹುದು. ಅದು ತಾವು ಅನುಸರಿಸುವ ನಿಘಂಟಿನ ಕ್ರಮವನ್ನೇ ಹೋಲುತ್ತದೆಯೇ ಎಂದು ಒಂದೆರಡು ಪುಟ ತಾಳೆನೋಡಿಕೊಳ್ಳುವುದು ಒಳ್ಳೆಯದು. ಅಂಕೆಗಳ ವಿಷಯದಲ್ಲಿ ಪೈಥಾನನ್ನು ಹೊಗಳಲೇಬೇಕು: ‘೧೯೬೨’ ಎಂದು ಕನ್ನಡದಲ್ಲಿ ಕೊಟ್ಟರೂ ಅದು 1962 ಎಂಬ ಸಂಖ್ಯೆಯಾಗಿಯೇ ಗ್ರಹಿಸುತ್ತದೆ. ಆದರೆ ಸೊನ್ನೆಯ ಜಾಗದಲ್ಲಿ ಬೆರಳಚ್ಚಿನವರು ಅನುಸ್ವಾರವನ್ನು ಒತ್ತಿದ್ದರೆ ಅದು ನಿರಾಕರಿಸುತ್ತದೆ. ಈ ನಿರಾಕರಣೆಯೂ ಗುಣವೇ. ಕೂಗಿ ಹೇಳುವ ದೋಷ ಮೌನದ ದೋಷಕ್ಕಿಂತ ನೂರು ಪಾಲು ಮೇಲು.

ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಯೂನಿಕೋಡಿಗೆ ಮುಂಚಿನ ಫಾಂಟುಗಳಿಂದ ಬೆರಳಚ್ಚಾದ ಪ್ರಬಂಧಗಳು ನಮ್ಮ ಕಾಲೇಜುಗಳಲ್ಲಿ ರಾಶಿರಾಶಿಯಾಗಿವೆ. ಅವುಗಳ ಒಡಲಲ್ಲಿರುವುದು ಲ್ಯಾಟಿನ್ ಸಂಕೇತಗಳು. ಕನ್ನಡವಾಗಿ ತೋರುವುದು ಫಾಂಟಿನ ಮಹಿಮೆಯಿಂದ. ಇವುಗಳನ್ನು ಯೂನಿಕೋಡಿಗೆ ತರುವ ಮುಕ್ತ ಪರಿವರ್ತಕಗಳು ಪೈಥಾನಿನಲ್ಲಿಯೂ ಉಂಟು. ಅವನ್ನು ಪರೀಕ್ಷಿಸುವವರು ‘ಧರ್ಮ’, ‘ವರ್ಣ’, ‘ಸೂರ್ಯ’ಗಳನ್ನು ಮಾದರಿಯಲ್ಲಿ ಸೇರಿಸತಕ್ಕದ್ದು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಾಣುವ ಜಾಗದಲ್ಲಿ, ಅಂದರೆ ವ್ಯಂಜನದ ನಂತರ ಇರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಜಾಗದಲ್ಲಿ, ವ್ಯಂಜನಕ್ಕೆ ಮೊದಲು. ಈ ಸ್ಥಾನಪಲ್ಲಟವನ್ನು ನಿರ್ವಹಿಸುವ ಕೋಡು ಗುಣಿತವೂ ಒತ್ತೂ ಕೂಡಿಬಂದೆಡೆ ಎಡವುವ ಸಂಭವ ಹೆಚ್ಚು.

ಲೈಬ್ರರಿ ಎಷ್ಟೇ ಶುದ್ಧವಾಗಿ ನಡೆದರೂ ಅದರ ಉತ್ತರದ ಅರ್ಥವನ್ನು ಅರಿತಿರಬೇಕೆಂಬುದಕ್ಕೆ ಒಂದು ಉದಾಹರಣೆ. ಹೆಸರುಗಳ ಸಾಮ್ಯವನ್ನು ಅಂಕಗಳಲ್ಲಿ ಹೇಳುವ ರ‍್ಯಾಪಿಡ್‌ಫಝ್ ಎಂಬ ಲೈಬ್ರರಿಯಿದೆ. ವೇಗದಲ್ಲಿ ಅದಕ್ಕೆ ಸರಿಸಾಟಿ ವಿರಳ. ‘ಸಿಂದಗಿ’, ‘ಸಿಂಧಗಿ’ ಎಂಬ ಒಂದೇ ಊರಿನ ಎರಡು ಕಾಗುಣಿತಗಳಿಗೆ ಅದರ ಸಾಮ್ಯಾಂಕ ನೂರಕ್ಕೆ 83.3. ‘ಹಾವೇರಿ’, ‘ಕಾವೇರಿ’ಗಳಿಗೂ ಅಷ್ಟೇ, 83.3. ಒಂದು ಊರು, ಒಂದು ನದಿ. ಲೈಬ್ರರಿಯದು ಇಲ್ಲಿ ಯಾವ ತಪ್ಪೂ ಇಲ್ಲ. ಆರು ಸಂಕೇತಗಳಲ್ಲಿ ಒಂದು ಬೇರೆಯೆಂಬುದನ್ನು ಅದು ಸರಿಯಾಗಿಯೇ ಹೇಳಿದೆ. ದಕಾರ ಧಕಾರಗಳ ವ್ಯತ್ಯಾಸ ನಮ್ಮ ಬರಹದಲ್ಲಿ ಹಗುರವೆಂದೂ ಹಕಾರ ಕಕಾರಗಳದು ಭಾರವೆಂದೂ ಅದಕ್ಕೆ ತಿಳಿಯದು. ದೇವಣಗಾಂವ, ದೇವನಗಾಂವ ಎಂಬವನ್ನು ಒಂದೇ ಊರೆಂದು ಕೂಡಿಸುವ ಅಧಿಕಾರವನ್ನು 87.5 ಎಂಬ ಅಂಕಕ್ಕೆ ಬಿಟ್ಟುಕೊಡುವಂತಿಲ್ಲ.

ಉಳಿದ ಅಂಶಗಳನ್ನು ಸಂಕ್ಷೇಪವಾಗಿ ನೋಡಬಹುದು. ಲೈಬ್ರರಿಯ ಮೂಲವನ್ನು ತೆರೆದು ಅದರ ಪರೀಕ್ಷಾ ಕಡತಗಳಲ್ಲಿ ಒಂದಾದರೂ ಕನ್ನಡ ಪದವಿದೆಯೇ ಎಂದು ಹುಡುಕುವುದು ಐದು ನಿಮಿಷದ ಕೆಲಸ. ಪ್ರಚಾರಪುಟದ ಭಾಷಾಪಟ್ಟಿಗಿಂತ ಇದು ಹೆಚ್ಚು ನಂಬಲರ್ಹ. ಪರವಾನಗಿಯನ್ನು ಓದಬೇಕು. ಎಂಐಟಿ, ಬಿಎಸ್‌ಡಿ, ಅಪಾಚೆ ಪರವಾನಗಿಗಳು ಸಡಿಲವಾದುವು. ಪಿಡಿಎಫ್ ಕಡತಗಳನ್ನು ಓದುವ ಪೈಮ್ಯುಪಿಡಿಎಫ್‌ನಂಥವು ಎಜಿಪಿಎಲ್‌ಗೆ ಒಳಪಟ್ಟಿವೆ. ಅದನ್ನು ಬಳಸಿ ಜಾಲತಾಣವನ್ನು ಕಟ್ಟಿ ಸಾರ್ವಜನಿಕರಿಗೆ ತೆರೆದರೆ ನಮ್ಮ ಕೋಡನ್ನೂ ತೆರೆದಿಡಬೇಕಾದ ಕಟ್ಟುಪಾಡು ಬರುತ್ತದೆ. ಸ್ವಂತ ಅಭ್ಯಾಸಕ್ಕೆ ಬಳಸುವ ವಿದ್ಯಾರ್ಥಿಗೆ ಈ ಚಿಂತೆಯಿಲ್ಲ. ಪೈಥಾನಿನ ಎರಡನೆಯ ಆವೃತ್ತಿಗೆ 2020ರ ಜನವರಿ 1ಕ್ಕೆ ಪೋಷಣೆ ನಿಂತುಹೋದುದರಿಂದ, ಅದಕ್ಕಾಗಿ ಬರೆದು ಆಮೇಲೆ ಯಾರೂ ಮುಟ್ಟದ ಕನ್ನಡ ಸಾಧನಗಳು ತಿದ್ದದೆ ಕೆಲಸಕ್ಕೆ ಬಾರವು.

ಒಂದು ಲೈಬ್ರರಿ ಇನ್ನೆಷ್ಟು ಲೈಬ್ರರಿಗಳ ಮೇಲೆ ನಿಂತಿದೆಯೆಂಬುದೂ ಮುಖ್ಯ. 2016ರ ಮಾರ್ಚಿಯಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ಸಂಗ್ರಹದಿಂದ ‘ಲೆಫ್ಟ್-ಪ್ಯಾಡ್’ ಎಂಬ ಹನ್ನೊಂದು ಸಾಲಿನ ಲೈಬ್ರರಿಯನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ, ಅದನ್ನು ನೇರವಾಗಿ ಕಂಡೇ ಇರದ ಅಸಂಖ್ಯಾತ ಪ್ರೋಗ್ರಾಮುಗಳು ನಿಂತುಹೋದುವು. 2018ರಲ್ಲಿ ‘ಈವೆಂಟ್-ಸ್ಟ್ರೀಮ್’ ಎಂಬುದರ ಪಾಲನೆಯನ್ನು ಅಪರಿಚಿತನೊಬ್ಬನು ವಹಿಸಿಕೊಂಡು ಅದರಲ್ಲಿ ಬಿಟ್‌ಕಾಯಿನ್ ಕದಿಯುವ ಕೋಡನ್ನು ಸೇರಿಸಿದನು. ಪೈಪಿಐಯಲ್ಲಿಯೂ ಪ್ರಸಿದ್ಧ ಹೆಸರುಗಳನ್ನು ಒಂದಕ್ಷರ ಬದಲಿಸಿ ಇಟ್ಟ ವಂಚನೆಯ ಲೈಬ್ರರಿಗಳು ಆಗಾಗ ಸಿಕ್ಕಿಬಿದ್ದಿವೆ. ಅನುಸ್ಥಾಪಿಸುವ ಮುನ್ನ ಹೆಸರನ್ನು ಎರಡು ಸಲ ಓದುವುದು ಲೇಸು.

ಮಾದರಿಯ ಪಟ್ಟಿಯನ್ನು ಹೇಗೆ ಮಾಡಬೇಕೆಂಬುದಿಷ್ಟು ಉಳಿದಿದೆ. ಐವತ್ತರಿಂದ ನೂರು ಪದಗಳು ಸಾಕು. ಗುಣಿತ, ಒತ್ತು, ಅರ್ಕಾವೊತ್ತು, ಅನುಸ್ವಾರ, ಅದೃಶ್ಯ ಸಂಯೋಜಕವುಳ್ಳ ಪದ, ಎರಡು ಬಗೆಯ ದೀರ್ಘ, ಕನ್ನಡ ಅಂಕೆ, ಹಳಗನ್ನಡದ ಱ ೞಗಳು ಇವೆಲ್ಲ ಅದರಲ್ಲಿ ಬರಬೇಕು. ಪ್ರತಿಯೊಂದರ ಸರಿಯುತ್ತರವನ್ನು ಲೈಬ್ರರಿಯನ್ನು ನಡೆಸುವ ಮೊದಲೇ ಕೈಯಿಂದ ಬರೆದಿಡಬೇಕು. ಯಂತ್ರದ ಉತ್ತರವನ್ನು ಕಂಡ ಮೇಲೆ ಬರೆದರೆ ಕಣ್ಣು ಅದಕ್ಕೇ ಒಗ್ಗಿಕೊಳ್ಳುತ್ತದೆ. ಲೈಬ್ರರಿಯ ಹೊಸ ಆವೃತ್ತಿ ಬಂದಾಗಲೆಲ್ಲ ಪಟ್ಟಿಯನ್ನು ಮತ್ತೆ ಓಡಿಸಬೇಕು. ಪ್ರಬಂಧದಲ್ಲಿ ಗ್ರಂಥದ ಮುದ್ರಣವನ್ನು ಹೇಳುವಂತೆಯೇ ಲೈಬ್ರರಿಯ ಹೆಸರು, ಆವೃತ್ತಿಸಂಖ್ಯೆ, ಯಾವ ನಿಯಮದಿಂದ ಪದ ಬಿಡಿಸಲಾಯಿತೆಂಬುದು, ಇವನ್ನು ನಮೂದಿಸಿ ಪಟ್ಟಿಯನ್ನು ಅನುಬಂಧವಾಗಿ ಕೊಡಬೇಕು. ದೋಷ ಸಿಕ್ಕಿದರೆ ಕೊಟ್ಟ ಪದ, ಬಂದ ಉತ್ತರ, ಬರಬೇಕಾಗಿದ್ದ ಉತ್ತರ, ಈ ಮೂರನ್ನು ಬರೆದು ಲೈಬ್ರರಿಯ ಪಾಲಕರಿಗೆ ಕಳುಹಿಸಬಹುದು. ಮೂಲ ತೆರೆದಿರುವುದರಿಂದ ತಿದ್ದುಪಡಿಯನ್ನೇ ಕಳುಹಿಸುವುದಕ್ಕೂ ಅಡ್ಡಿಯಿಲ್ಲ. ಅದರೊಂದಿಗೆ ಮುದ್ದೇಬಿಹಾಳ, ದೇವಣಗಾಂವಗಳಂಥ ನಾಲ್ಕಾರು ಹೆಸರುಗಳನ್ನು ಅವರ ಪರೀಕ್ಷಾ ಕಡತಕ್ಕೆ ಸೇರಿಸಬೇಕೆಂದು ಕೇಳಿಕೊಂಡರೆ, ಮುಂದಿನ ಆವೃತ್ತಿಯಲ್ಲಿ ಅದೇ ದೋಷ ಮರುಕಳಿಸಿದಾಗ ಅದು ಮೊದಲು ಅವರ ಕಣ್ಣಿಗೇ ಬೀಳುತ್ತದೆ.